ಚಿಕ್ಕಮ್ಮನ ತಲೆಯ ಹೇನು

ಹೇನು ಕಂಡರೆ ಮನೆಗೆ ಬೆಂಕಿ ಬಿದ್ದವರಂತೆ ಕೂಗಾಡುವವರಿದ್ದಾರೆ. ಶಾಲೆಯ ಟೀಚರಮ್ಮನೂ ಅದೇ ಪೈಕಿ. "ತಲೆ ಸ್ವಚ್ಛವಾಗುವ ತನಕ ಕಳಿಸಬೇಡಿ" ಎಂದು ಚೀಟಿ ಬರೆದು, ಎಂಟು ವರ್ಷದ ಚೂಟಿಯ ಕೈಗೆ ತುರುಕಿ, ತಾವು ಮೂರು ಮಾರು ದೂರ ಸರಿದು ನಿಂತರು.

ಚೀಟಿ ಓದಿದವಳು ಚಿಕ್ಕಮ್ಮ. ಚೂಟಿಯ ತಾಯಿ ತೀರಿಕೊಂಡು ಎರಡು ವರ್ಷ. ಬಸ್ ಓಡಿಸುವ ಅಪ್ಪ, ಬೇಕರಿಯಲ್ಲಿ ಹಿಟ್ಟು ನಾದುವ ಇವಳನ್ನು ಮದುವೆಯಾಗಿ ಐದು ತಿಂಗಳು. ಈ ಐದು ತಿಂಗಳಲ್ಲಿ ಚೂಟಿ ಅವಳೆದುರು ತುಟಿ ಪಿಟಕ್ಕೆಂದಿದ್ದರೆ ಕೇಳಿ! ಮುಖ ಊದಿಸಿಕೊಂಡು ತನ್ನ ಜುಟ್ಟು ತಾನೇ ಕಟ್ಟಿಕೊಳ್ಳುತ್ತಿದ್ದಳು. ಕೊನೆಗೆ ಅಪ್ಪನೇ ಕೈಚೆಲ್ಲಿದ. "ನಮ್ಮಕ್ಕನ ಮನೇಲಿ ಬಿಡೋಣ, ಅಲ್ಲೇ ಓದ್ಲಿ. ನೀನು ಒಪ್ಪಿದ್ರೆ ಭಾನುವಾರವೇ ಕರ್ಕೊಂಡ್ ಹೋಗ್ತೀನಿ" ಎಂದಿದ್ದ. ಒಪ್ಪಿಬಿಡುವುದೇ ಮಗುವಿಗೆ ಒಳ್ಳೆಯದೇನೋ ಎಂದು ಚಿಕ್ಕಮ್ಮ ಮೂರು ದಿನದಿಂದ ಒಳಗೊಳಗೇ ಬೇಯುತ್ತಿದ್ದಳು. ಇವತ್ತು ಶನಿವಾರ.

ಔಷಧದ ಅಂಗಡಿಯಾಕೆ ಹೇನು ಬಾಚುವ ಸೀರಣಿಗೆ ಕೊಡುತ್ತ, "ಹೇನಿಗೆ ಹಾರೋಕೂ ಬರಲ್ಲ, ನೆಗೆಯೋಕೂ ಬರಲ್ಲಮ್ಮ. ಹೆಚ್ಚಾಗಿ ತಲೆಗೆ ತಲೆ ತಾಗಿದ್ರೇನೇ ಹತ್ತೋದು. ಮನೇಲಿ ಎಲ್ರೂ ನೋಡ್ಕೊಳ್ಳಿ" ಎಂದಳು.

"ಅವರಪ್ಪನ ತಲೇಲಿ ಹೇನಿಗೆ ಹಿಡ್ಕೊಳ್ಳೋಕೆ ಒಂದು ಕೂದಲಿಲ್ಲ. ನನ್ ಹತ್ರ ಅಂತೂ ಅವಳು ಸುಳಿಯೋದೇ ಇಲ್ಲ" ಎಂದು ಚಿಕ್ಕಮ್ಮ ನಕ್ಕಳು. ನಕ್ಕವಳೇ ಮುಖ ತಿರುಗಿಸಿ ಚಿಲ್ಲರೆ ಎಣಿಸತೊಡಗಿದಳು.

ಮನೆಯಲ್ಲಿ ಬೇರೆ ದಾರಿಯಿಲ್ಲದೆ ಚೂಟಿ ಅವಳ ಮುಂದೆ ಬಂದು ಕೂತಳು. ಹೇನಿಗೆಂದು ಪೇಟೆಯಲ್ಲಿ ಏನೇನೋ ಮಾರುತ್ತಾರೆ. ಅದು ನಿಜವಾಗಿ ಹೆದರುವುದು ತಾಳ್ಮೆಯಿಂದ ಕೂತವರಿಗೆ. ಚಿಕ್ಕಮ್ಮ ಒದ್ದೆ ಕೂದಲಿಗೆ ಕಂಡೀಷನರ್ ಸವರಿ, ಬೈತಲೆ ತೆಗೆತೆಗೆದು, ಬುಡದಿಂದ ತುದಿಯವರೆಗೆ ಬಾಚಿದಳು. ಪ್ರತಿ ಸಲವೂ ಸೀರಣಿಗೆಯನ್ನು ಬಿಳಿ ಟವೆಲಿಗೆ ಒರೆಸಿದಳು. ಕಿವಿಯ ಹಿಂದೆ ಅಂಟಿಕೊಂಡ ಸೀರುಗಳನ್ನು ಉಗುರಿನಿಂದ ಒಂದೊಂದಾಗಿ ಎಳೆದಳು.

ಎರಡು ಗಂಟೆಯ ನಂತರ ಚಿಕ್ಕಮ್ಮನಿಗೆ ತನ್ನ ತಲೆಯೂ ಕಡಿದಂತಾಯಿತು. ಯಾವುದಕ್ಕೂ ಇರಲಿ ಎಂದು ಸೀರಣಿಗೆ ತೊಳೆದು ತನ್ನ ಕೂದಲಿಗೂ ಎಳೆದಳು. ಟವೆಲಿನ ಮೇಲೆ ಕೊಬ್ಬಿದ ಹೇನೊಂದು ಬಿದ್ದು ಹರಿದಾಡಿತು. ಇಬ್ಬರೂ ನೋಡಿದರು.

ಬೇಕರಿಯದೇ? ಸಾಧ್ಯವಿಲ್ಲ, ಅಲ್ಲಿ ಎಲ್ಲರ ತಲೆಗೂ ಟೊಪ್ಪಿ. ಯೋಚಿಸುತ್ತ ತಿರುಗಿದರೆ, ಚೂಟಿಯ ಕಣ್ಣು ತುಂಬಿತ್ತು.

"ನಾನು ಸ್ಕೂಲಿಂದ ಬಂದಾಗ ನೀವು ಮಲಗಿರ್ತೀರಲ್ಲ..."

ಬೆಳಗಿನ ಜಾವ ಕೆಲಸಕ್ಕೆ ಹೋಗುವ ಚಿಕ್ಕಮ್ಮನಿಗೆ, ಮಧ್ಯಾಹ್ನ ಮನೆಗೆ ಬಂದರೆ ಸಂಜೆಯ ತನಕ ಸತ್ತಂಥ ನಿದ್ದೆ.

"ಹೇಳು ಕಂದ, ಬೈಯಲ್ಲ."

"ಉಸಿರು ಕೇಳಿಸುತ್ತಾ ಅಂತ ನಿಮ್ಮ ತಲೆಗೆ ತಲೆ ಇಟ್ಟು ಕೇಳ್ತೀನಿ. ಅಮ್ಮನೂ ಹಂಗೇ ಮಲಗಿದ್ಳು. ನಿದ್ದೆ ಮಾಡ್ತಿದಾಳೆ ಅಂತ ನಾನು ಸದ್ದು ಮಾಡದೆ ಪಾಠ ಬರೀತಾ ಕೂತಿದ್ದೆ. ಅಪ್ಪ ಬರೋ ತನಕ ಬರೀತಾನೇ ಇದ್ದೆ."

ಚಿಕ್ಕಮ್ಮ ಸೀರಣಿಗೆ ಕೆಳಗಿಟ್ಟಳು. "ದಿನಾ ಕೇಳ್ತೀಯಾ?" ಎಂದಳು.

"ದಿನಾ. ನೀವು ಗೊರಕೆ ಹೊಡೆದ್ರೆ ಬೇಗ ಎದ್ದು ಹೋಗ್ತೀನಿ. ಇಲ್ದಿದ್ರೆ ಅಲ್ಲೇ ಇರ್ತೀನಿ."

ಚಿಕ್ಕಮ್ಮ ಅಳುತ್ತಲೇ ನಕ್ಕುಬಿಟ್ಟಳು. ಆಮೇಲೆ ಚೂಟಿಯನ್ನು ಕುರ್ಚಿಯ ಮೇಲೆ ಕೂರಿಸಿ, ಸೀರಣಿಗೆ ಕೈಗೆ ಕೊಟ್ಟು, ತಾನು ಅವಳ ಕಾಲ ಬಳಿ ನೆಲದ ಮೇಲೆ ಕೂತಳು. ಅಪ್ಪ ಕೆಲಸ ಮುಗಿಸಿ ಒಳಗೆ ಬಂದಾಗ ಬಾಚುವ ಕೆಲಸ ಭರದಿಂದ ಸಾಗಿತ್ತು.

"ಅಕ್ಕ ಫೋನ್ ಮಾಡಿದ್ಳು. ನಾಳೆ ವಿಷಯ ಏನ್ ಹೇಳ್ಲಿ?" ಎಂದು ಅವನು ಬಾಗಿಲಲ್ಲೇ ನಿಂತು ಕೇಳಿದ.

"ಎಲ್ಲಿಗೂ ಕಳಿಸಲ್ಲ ಅಂತ ಹೇಳಿ. ನಂಗೆ ಇವಳು ಬೇಕು" ಎಂದು ಚಿಕ್ಕಮ್ಮ ಅವನತ್ತ ತಿರುಗಹೋದಳು.

"ಅಲ್ಲಾಡ್ಬೇಡಿ" ಎಂದು ಚೂಟಿ ಗದರಿ, ಚಿಕ್ಕಮ್ಮನ ತಲೆಯನ್ನು ತನ್ನ ಮೊಣಕಾಲಿಗೆ ಒತ್ತಿ ಹಿಡಿದುಕೊಂಡಳು.