ವೈಜಯಂತಿ ಮೇಡಂಗೆ ಬಂದ ಅನುಮಾನ

ಶಿಕ್ಷಕರ ದಿನದ ಬೆಳಿಗ್ಗೆ ಸಾಂಗ್ಲಿಯ ಶಾಲೆಗೆ ಬಂದ ಮರಾಠಿ ಅಧ್ಯಾಪಕಿ ವೈಜಯಂತಿ ಪೆಂಡ್ಸೆ ಕರಿಹಲಗೆ ನೋಡಿ ಕಸಿವಿಸಿಗೊಂಡರು. ಮಕ್ಕಳು ದೊಡ್ಡದಾಗಿ ‘ಶಿಕ್ಷಕ ದೀನ’ ಎಂದು ಬರೆದಿದ್ದರು.

“ದಿನ ಕಣ್ರೋ. ದೀನ ಅಂದ್ರೆ ಗತಿಗೆಟ್ಟೋರು ಅಂತ.”

“ಟಿವೀಲಿ ಹಂಗೇ ಬಂದಿತ್ತಲ್ಲ ಮೇಡಂ,” ಎಂದಳು ತನ್ವಿ. “ಪೇಪರಲ್ಲೂ ಹಂಗೇ ಇತ್ತು.”

ಅವರು ಅದನ್ನು ತಿದ್ದಿ, ಕೆಳಗೆ ‘ನಿಮಗೆಲ್ಲ ನನ್ನ ಆಶೀರ್ವಾದ’ ಎಂದು ಬರೆಯಹೊರಟರು. ‘ಆ’ ಬರೆದ ಮೇಲೆ ಚಾಕ್‌ಪೀಸು ನಿಂತಿತು. ಮುಂದಿನದು ಶಿಯೋ ಶೀಯೋ? ಮರಾಠಿ ಮಾತಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ವರ್ಷಗಟ್ಟಲೆ ತಪ್ಪುಗಳನ್ನೇ ಓದಿದ ಕಣ್ಣಿಗೆ ಎರಡೂ ಸರಿಯಾಗಿಯೇ ಕಂಡವು.

“ತನ್ವಿ, ನಿಘಂಟು ತಗೊಂಡು ಬಾ. ನನಗೇ ಅನುಮಾನ ಬಂತು.”

ಯಾರೂ ನಗಲಿಲ್ಲ. ನಿಘಂಟಿನಲ್ಲಿ ಶೀ ಇತ್ತು. ಅವರು ಹಾಗೆಯೇ ಬರೆದು ಮುಗಿಸಿದರು. ಆದರೆ ಅಂದಿನಿಂದ ಕೆಂಪು ಪೆನ್ನು ಹಿಡಿದಾಗಲೆಲ್ಲ ನಿಘಂಟನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದರು.