ಕಪ್ಪೆರಾಯನ ಐದು ಚಿತ್ರಗಳು

ಭಾನುವಾರ ಊಟ ಮುಗಿಸಿ ಗಂಡ, ಹೆಂಡತಿ, ಅತಿಥಿ ಮೂವರೂ ಟಿ.ವಿ. ಮುಂದೆ ಕೂತಿದ್ದರು. ಗಂಡನ ಕಾಲೇಜು ಗೆಳೆಯ ಕೊಕ್ಕರೆ ತನ್ನ ಹಳೆಯ ನೆಗೆಟಿವ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಪೆನ್‌ಡ್ರೈವಿನಲ್ಲಿ ತಂದಿದ್ದ. ಉದ್ದ ಕಾಲು, ಉದ್ದ ಕತ್ತು. ಐವತ್ತು ದಾಟಿದರೂ ಆ ಅಡ್ಡಹೆಸರು ಅವನನ್ನು ಬಿಟ್ಟಿರಲಿಲ್ಲ. ಈಗ ಅವನು ಎಳೆಯರಿಗೆ ಕಾಡುಪ್ರಾಣಿಗಳ ಚಿತ್ರ ತೆಗೆಯುವುದನ್ನು ಕಲಿಸುತ್ತಿದ್ದ.

ಗಂಡನಿಗೂ ಒಂದು ಹೆಸರಿತ್ತು, ಕಪ್ಪೆರಾಯ. ಯಾಕೆಂದು ಹೆಂಡತಿ ಕೇಳಿದಾಗಲೆಲ್ಲ ಅವನು ನಕ್ಕು ಮಾತು ಹಾರಿಸುತ್ತಿದ್ದ.

ಪರದೆಯ ಮೇಲೆ ಜೌಗು ನೆಲ, ಜೊಂಡುಹುಲ್ಲು. ನೀರುನಾಯಿಯ ಹೆಜ್ಜೆಗುರುತು ಹುಡುಕುತ್ತಾ ಮೈಯೆಲ್ಲ ಕೆಸರು ಮಾಡಿಕೊಂಡ ವಿದ್ಯಾರ್ಥಿಗಳು.

"ಈಗ ಬರತ್ತೆ ನೋಡಿ ಅತ್ತಿಗೆ, ನಿಮ್ಮ ಯಜಮಾನ್ರ ನಾಮಕರಣ!" ಎಂದ ಕೊಕ್ಕರೆ.

ಮೊದಲ ಚಿತ್ರದಲ್ಲಿ ಗಂಡ ಮೊಣಕಾಲಿನವರೆಗೆ ಕೆಸರಲ್ಲಿ ಹೂತು ಹಲ್ಲು ಕಿರಿಯುತ್ತಿದ್ದ. ಎರಡರಲ್ಲಿ ತೊಡೆಯವರೆಗೆ. ಮೂರರಲ್ಲಿ ಕೆಸರು ಸೊಂಟಕ್ಕೆ ಬಂದಿತ್ತು, ಎರಡೂ ಕೈ ಗಾಳಿಯಲ್ಲಿದ್ದವು. ಕೊಕ್ಕರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಡನೂ ನಕ್ಕ.

ಹೆಂಡತಿ ನಗಲಿಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸ್. ಆಪರೇಷನ್ನಿಗೆ ಮುಂಚೆ ಭಯಕ್ಕೇ ಜೋಕು ಹೊಡೆಯುವ ರೋಗಿಗಳನ್ನು ದಿನಾ ಕಂಡವಳು. ಪಕ್ಕದಲ್ಲಿ ಕೂತ ಗಂಡನ ಅಂಗೈ ಮುಟ್ಟಿದಳು. ಮಂಜಿನಂತೆ ತಣ್ಣಗಿತ್ತು.

ನಾಲ್ಕನೆಯದರಲ್ಲಿ ಕೆಸರು ಎದೆಗೆ ಬಂದಿತ್ತು. ಐದರಲ್ಲಿ ಕಪ್ಪೆಯಂತೆ ಗದ್ದ ಮೇಲೆತ್ತಿದ ಒಂದು ಮುಖ, ನೇರ ಕ್ಯಾಮೆರಾದ ಕಡೆಗೆ ಚಾಚಿದ ಒಂದು ಕೈ. ಅಷ್ಟೇ.

ಅವಳು ಪರದೆಯತ್ತ ಬೆರಳು ತೋರಿಸಿದಳು. "ಈ ಕೈ ಯಾರ ಕಡೆಗೆ ಚಾಚಿದ್ದು?"

ಕೊಕ್ಕರೆಯ ನಗು ಅರ್ಧಕ್ಕೇ ನಿಂತಿತು. "ನನ್ನ ಕಡೆಗೆ. ಅಯ್ಯೋ, ಇವನು ಯಾವಾಗ್ಲೂ ನಾಟಕ ಆಡ್ತಿದ್ದ ಅತ್ತಿಗೆ. ಅವತ್ತೂ ಹಾಗೇ ಅನ್ಕೊಂಡ್ವಿ."

"ಮುಂದಿನ ಚಿತ್ರ?"

"ಇಲ್ಲ. ರೀಲು ಮುಗೀತು. ಆಮೇಲೆ ಓಡಿಹೋಗಿ ಕ್ಯಾಮೆರಾ ಸ್ಟ್ಯಾಂಡು ಚಾಚಿದೆ, ಎಲ್ಲರೂ ಸೇರಿ ಎಳೆದ್ವಿ."

"ರೀಲಲ್ಲಿ ಇನ್ನೆರಡು ಉಳಿದಿದ್ದಿದ್ರೆ?"

ಕೊಕ್ಕರೆ ರಿಮೋಟು ಕೆಳಗಿಟ್ಟ. ಅವನ ಮುಖ ಬಿಳಿಚಿಕೊಂಡಿತ್ತು.

ಗಂಡ ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದ: "ಕೆಳಗೆ ನೆಲಾನೇ ಇರ್ಲಿಲ್ಲ ಕಣೋ. ಒದ್ದಷ್ಟೂ ಯಾರೋ ಕಾಲು ಹಿಡ್ಕೊಂಡು ಎಳೆದ ಹಾಗೆ. ಎದೆ ಅದುಮಿ ಕೂಗೋಕೆ ಉಸಿರು ಬರ್ಲಿಲ್ಲ. ನಿಮ್ಮ ನಗು ಮಾತ್ರ ಕೇಳ್ತಿತ್ತು."

"ಮತ್ತೆ ಇಷ್ಟು ವರ್ಷ ನೀನೂ ನಗ್ತಿದ್ದೆಯಲ್ಲೋ!"

"ಅತ್ತಿದ್ರೆ ಇನ್ನೊಂದು ಹೆಸರು ಇಡ್ತಿದ್ರಿ."

ಕೊಕ್ಕರೆ ತಲೆ ತಗ್ಗಿಸಿದ. "ಕಣ್ಣಿಗೆ ಕ್ಯಾಮೆರಾ ಇಟ್ಕೊಂಡಾಗ ಎಲ್ಲ ದೂರ ಕಾಣತ್ತೆ. ಅಲ್ಲಿ ಮುಳುಗ್ತಿರೋದು ಗೆಳೆಯ ಅಂತ ಅನ್ನಿಸ್ಲೇ ಇಲ್ಲ," ಎಂದ. ಹೊರಡುವಾಗ ಬಾಗಿಲಲ್ಲಿ ನಿಂತು, "ಬರೋ ಭಾನುವಾರ ಹುಡುಗರನ್ನ ಅದೇ ಜೌಗಿಗೆ ಕರ್ಕೊಂಡು ಹೋಗ್ಬೇಕು. ಈಗ ನಂಗೆ ಭಯ ಆಗ್ತಿದೆ. ನೀವಿಬ್ರೂ ಬರ್ತೀರಾ?" ಎಂದು ಕೇಳಿದ.

ಗಂಡ ಬೇಡವೆಂದ. ಶನಿವಾರ ಸಂಜೆ ತಾನಾಗಿಯೇ ಬೂಟು ಹುಡುಕತೊಡಗಿದ.

ಭಾನುವಾರ ಬೆಳಿಗ್ಗೆ ಜೌಗಿನ ಅಂಚಿನಲ್ಲಿ ಅವನು ಹೆಂಡತಿಯ ತೋಳು ಬಿಡಲೇ ಇಲ್ಲ. ಕೆಸರಿನ ವಾಸನೆಗೇ ಉಸಿರು ಏರುತ್ತಿತ್ತು. ಅಷ್ಟರಲ್ಲಿ ಮುಂದೆ ನಡೆಯುತ್ತಿದ್ದ ಹುಡುಗಿಯೊಬ್ಬಳ ಕಾಲು ಪಚಕ್ಕನೆ ಇಳಿಯಿತು. ಅವಳು ಕಿಲಕಿಲ ನಕ್ಕಳು. "ಹಾಗೇ ಇರೇ, ಹಾಗೇ ಇರು!" ಎನ್ನುತ್ತಾ ಜೊತೆಗಾರರ ಕ್ಯಾಮೆರಾಗಳೆಲ್ಲ ಒಟ್ಟಿಗೆ ಮೇಲೆದ್ದವು.

ಕೊಕ್ಕರೆಯ ಕೈಯಲ್ಲಿ ದುಬಾರಿ ಕ್ಯಾಮೆರಾ ಇತ್ತು. ಒಣ ಜಾಗ ಹುಡುಕುವಷ್ಟೂ ಅವನು ನಿಲ್ಲಲಿಲ್ಲ. ಅದನ್ನು ಕೆಸರಿನ ಮೇಲೇ ಇಟ್ಟು, ಹೊಟ್ಟೆಯ ಮೇಲೆ ಮಲಗಿ ತೋಳು ಚಾಚಿದ.

ಹುಡುಗಿ ನಾಚಿದಳು. "ಸಾರ್, ಬರೀ ಪಾದ ಅಷ್ಟೇ!"

"ಗೊತ್ತಮ್ಮ. ಕೈ ಕೊಡು."

ಒಂದೊಂದಾಗಿ ಕ್ಯಾಮೆರಾಗಳು ಕೆಳಗಿಳಿದವು. ಗಂಡ ಹೆಂಡತಿಯ ತೋಳು ಬಿಟ್ಟು ಎರಡು ಹೆಜ್ಜೆ ಮುಂದೆ ಹೋದ. ಹಾಗೇ ಮಂಡಿಯೂರಿ, ಗೆಳೆಯ ಜಾರದಂತೆ ಅವನ ಎರಡೂ ಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡ.