ಹಸಿರು ಪೊಟ್ಟಣ

ಶಿನ್‌ಚು ಊರಿನ ಬಿರುಗಾಳಿಗೆ ಪೆಂಗ್ ತಿಯೆನ್-ಶುಯ್ ಎಂದೂ ಅಂಜಿದವನಲ್ಲ. ಅವನನ್ನು ಅಂಜಿಸಿದ್ದು ಮಗಳ ಕೋಣೆಯ ನಿಶ್ಶಬ್ದ. ಭೌತಶಾಸ್ತ್ರದ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಪಿನ್-ಯು ಎಂಟು ತಿಂಗಳಿಂದ ಹೊಸ್ತಿಲು ದಾಟಿರಲಿಲ್ಲ. ಮರಳಿ ಸೇರುತ್ತೇನೆಂದು ಇಂದು ಸಂಜೆ ಐದರೊಳಗೆ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಸಹಿ ಹಾಕದಿದ್ದರೆ ಅವಳ ಹೆಸರು ಪಟ್ಟಿಯಿಂದ ಅಳಿದುಹೋಗುತ್ತಿತ್ತು.

"ಹೋಗ್ಲಿ ಬಿಡಪ್ಪ," ಎಂದಳು, ಅಕ್ಕಿ ಶಾವಿಗೆಯ ಬಟ್ಟಲನ್ನು ಮುಟ್ಟದೆ. "ಈ ಜಗತ್ತೇ ಯಾವುದೋ ಕಂಪ್ಯೂಟರಿನೊಳಗೆ ಓಡ್ತಿರೋ ಲೆಕ್ಕ. ನಾನೂ ಲೆಕ್ಕ, ನೀನೂ ಲೆಕ್ಕ. ಇಲ್ಲಿ ಸಹಿ ಹಾಕಿದ್ರೆಷ್ಟು, ಬಿಟ್ರೆಷ್ಟು?"

ತಿಯೆನ್-ಶುಯ್ ಅದೇ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಯನ್ನು ನೋಡಿಕೊಳ್ಳುವವನು. ಇಪ್ಪತ್ತಾರು ವರ್ಷ ಯಂತ್ರಗಳ ಬೆನ್ನನ್ನಷ್ಟೇ ಕಂಡವನು. ತತ್ತ್ವದ ಮಾತು ಅವನಿಗೆ ಒಗ್ಗದು. ಆದರೆ ಕಂಪ್ಯೂಟರ್ ಎಂದೊಡನೆ ಮಾತು ಅವನ ಅಂಗಳಕ್ಕೇ ಬಂದು ನಿಂತಿತ್ತು.

"ಸರಿ, ಕಂಪ್ಯೂಟರ್ರೇ ಅನ್ನು. ಅದನ್ನ ನೋಡ್ಕೊಳ್ಳೋರು ಯಾರು?"

"ಅಂದ್ರೆ?"

"ಅಷ್ಟು ದೊಡ್ಡ ಮಿಷನ್ನು. ಬಿಸಿ ಆಗಲ್ವಾ? ಧೂಳು ಕೂರಲ್ವಾ?"

"ಅಪ್ಪ, ಅದು ಆ ಥರದ್ದಲ್ಲ."

"ಎಲ್ಲಾ ಆ ಥರದ್ದೇ. ಮೂರು ಗಂಟೆಗೆ ನಮ್ಮ ಹೊಸ ಮಿಷನ್ ಶುರು. ನಂಗೆ ಸೊಂಟ ಹಿಡಿದಿದೆ, ಮೇಲಕ್ಕೆ ಕೈ ಚಾಚೋಕಾಗ್ತಿಲ್ಲ. ಒಂದು ಪೊಟ್ಟಣ ತಂದು ಅದರ ಮೇಲೆ ಇಟ್ಟುಕೊಡು, ಅಷ್ಟೇ."

ಆ ನಾಡಿನಲ್ಲಿ ಪೊಟ್ಟಣವಿಲ್ಲದೆ ಯಂತ್ರವನ್ನು ಶುರುಮಾಡುವವರು ಅಪರೂಪ. ಮಕ್ಕಳು ಮೆಲ್ಲುವ ಮುಸುಕಿನ ಜೋಳದ ಕುರುಕಲು ಅದು. ಹೆಸರಿಗೇ 'ಜಾಣಮರಿ, ಹೇಳಿದ ಹಾಗೆ ಕೇಳು' ಎಂಬ ಅರ್ಥ. ನೆತ್ತಿಯ ಮೇಲೆ ತಾರೀಕು ಮೀರದ ಅದೊಂದಿದ್ದರೆ ಯಂತ್ರ ಹಟ ಮಾಡದು.

ಅಪ್ಪನ ಸೊಂಟಕ್ಕೆ ಮರುಗಿ ಪಿನ್-ಯು ಬಂದಳು. ದಾರಿಯಲ್ಲಿ ಕೈಗೆ ಸಿಕ್ಕ ಪೊಟ್ಟಣವನ್ನು ಕೊಂಡು, ಯಾರತ್ತಲೂ ನೋಡದೆ, ಯಂತ್ರದ ಮೇಲಿಟ್ಟಳು. ಗುಂಡಿಯೊತ್ತಲು ಚಾಚಿದ ಮುಖ್ಯ ಎಂಜಿನಿಯರ್ ಫಾನ್ ಮೇಡಂ ಅವರ ಬೆರಳು ಗಾಳಿಯಲ್ಲೇ ನಿಂತಿತು.

"ಅಯ್ಯೋ, ಹಳದಿ! ಯಾರಮ್ಮಾ ಹಳದಿ ಇಟ್ಟಿದ್ದು?"

ಪೊಟ್ಟಣ ಹಸಿರೆಂದರೆ ಯಂತ್ರದ ಹಸಿರು ದೀಪ, ಎಲ್ಲ ಸುಗಮ. ಹಳದಿಯೆಂದರೆ ಎಚ್ಚರಿಕೆಯ ದೀಪ. ಹಾಲು ಕುಡಿಯುವ ಕೂಸಿಗೂ ಗೊತ್ತಿದ್ದ ಸಂಗತಿ.

"ತಿಯೆನ್-ಶುಯ್, ನಿನ್ನ ಮಗಳು ಯಾವ ದೇಶದಿಂದ ಬಂದಳಯ್ಯ?" ಎಂದು ಯಾರೋ ಕಿಚಾಯಿಸಿದರು. ಕೋಣೆಯೆಲ್ಲ ನಕ್ಕಿತು.

ಪಿನ್-ಯು ಕೆಂಪಾದಳು. "ತೆಗೀರಿ ಮೇಡಂ, ತೆಗೀರಿ! ಶುರು ಮಾಡ್ಬೇಡಿ!" ಎಂದವಳೇ ಬಾಗಿಲಾಚೆ ಓಡಿದಳು.

ಕಿಟಕಿಯಿಂದ ತಿಯೆನ್-ಶುಯ್ ನೋಡಿದ. ಎಂಟು ತಿಂಗಳು ಬಿಸಿಲು ಕಾಣದ ಹುಡುಗಿ ಗಾಳಿಗೆ ಎದೆಯೊಡ್ಡಿ, ಕೂದಲು ಕೆದರಿ, ರಸ್ತೆ ದಾಟುತ್ತಿದ್ದಳು. ಒಂದು ಅಂಗಡಿಯೊಳಗೆ ಹೊಕ್ಕು ಬರಿಗೈಯಲ್ಲಿ ಹೊರಬಂದಳು, ಇನ್ನೊಂದಕ್ಕೆ ಓಡಿದಳು.

"ಮೊದಲನೇ ಅಂಗಡೀಲಿ ಹಸಿರು ಖಾಲಿ," ಎಂದಳು, ಏದುಸಿರು ಬಿಡುತ್ತ ಬಂದು. "ಎರಡನೇದ್ರಲ್ಲಿ ಮುಂದಿಟ್ಟಿದ್ದೆಲ್ಲ ಹಳೇ ತಾರೀಕು. ಹಿಂದಿಂದ ಎಳೆದೆ. ಇದು ಮೇ ತನಕ ಬರತ್ತೆ."

ಯಂತ್ರ ಗುನುಗತೊಡಗಿತು. ಎಲ್ಲರೂ ಚೆದುರಿದ ಮೇಲೂ ಅವಳು ಅದರ ಬಳಿಯೇ ನಿಂತಿದ್ದಳು.

"ಅಪ್ಪ, ನಮ್ಮನ್ನ ಓಡಿಸ್ತಿರೋ ಮಿಷನ್ ಮೇಲೂ ಯಾರಾದ್ರೂ ಇಟ್ಟಿರ್ತಾರಾ?"

ಅವನು ಗೇಲಿ ಮಾಡಲಿಲ್ಲ. ಕಸುಬಿನವನಂತೆ ಯೋಚಿಸಿದ. "ದಿನಾ ಬೆಳಗಾಗ್ತಿದೆ ಅಂದ್ರೆ ಇಟ್ಟೇ ಇರ್ತಾರೆ. ತಾರೀಕು ಮುಗಿಯೋ ಮುಂಚೆ ಬದಲಾಯಿಸ್ತಾನೂ ಇದಾರೆ."

"ಹಸಿರೇನಾ?"

"ನಡುವೆ ನಿನ್ನಂಥೋಳೊಬ್ಬಳು ಹಳದಿ ಇಟ್ಟಿದ್ಲೇನೋ. ಎಂಟು ತಿಂಗಳು ಯಾರೂ ನೋಡ್ಲಿಲ್ಲ."

ಅವಳು ನಕ್ಕಳು, ತಡೆಯಲು ಹೋಗಿ ಸೋತು, ಇನ್ನೂ ಜೋರಾಗಿ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಗಡಿಯಾರ ನೋಡಿದಳು. ನಾಲ್ಕೂವರೆ ದಾಟಿತ್ತು.

"ಕಚೇರಿ ಇನ್ನೂ ಎರಡನೇ ಮಹಡೀಲೇ ಇದೆಯಾ?"

"ನಾಲ್ಕನೇದಕ್ಕೆ ಹೋಯ್ತು. ಲಿಫ್ಟಿಗೆ ಜನ ಸಾಲು ನಿಂತಿರ್ತಾರೆ."

"ಮೆಟ್ಟಿಲು ಇದ್ಯಲ್ಲಪ್ಪ," ಎಂದು ಅವಳು ಹೊರಟಳು.